ಒಲೆಯ ಕಡೆ ನೋಡದ ಅಪ್ಪ

ಜೋಗಿಮಟ್ಟಿಯ ಕೆಳಗೆ ಗಾಳಿಗೆ ಬಿದ್ದ ಆಲೆ ಮರವನ್ನೇ ತರಬೇಕು,
ಕಡಿದದ್ದು ಬೇಡ. ಅಪ್ಪನ ಕಟ್ಟಳೆ.
ದೊಡ್ಡಪೇಟೆಯ ನಮ್ಮ ಅಟ್ಟದಲ್ಲಿ ಎರಡು ಬೇಸಿಗೆ ಒಣಗಿಸಿ,
ಬೆರಳಲ್ಲಿ ತಟ್ಟಿ, ಕಿವಿಗೊಟ್ಟು,
"ಇನ್ನೂ ನೀರು ಮಾತಾಡ್ತೈತೆ" ಅಂತ
ಮತ್ತೆ ಅಟ್ಟಕ್ಕೇ ಹಾಕುವವನು.

ಬಾಚಿಯ ಏಟಿಗೆ ಮೊದಲು ಭುಜ,
ಆಮೇಲೆ ಮೂಗು. ಮೂಗು ತಪ್ಪಿದರೆ ಒಲೆಗೆ.
ನನ್ನ ಬಾಲ್ಯದ ಬಿಸಿನೀರೆಲ್ಲ
ಮೂಗು ತಪ್ಪಿದ ಅಮ್ಮಂದಿರು ಕಾಯಿಸಿದ್ದು.

ಗೇಣುದ್ದದ ಗುಂಡುಕಲ್ಲಮ್ಮ.
ಗುಡಿಗಲ್ಲ, ಐದು ತುಂಬಿದ ಹುಡುಗಿಯ ಕೈಗೆ:
ಎಣ್ಣೆ ಹಚ್ಚಿ, ಜಗಳಾಡಿ, ಮಣ್ಣಲ್ಲಿ ಮರೆತು,
ರಾತ್ರಿ ಅಳುತ್ತ ಹುಡುಕಲು.
"ಹುಡುಕಿದ್ಮೇಲೇ ಅವಳು ದೇವರು" ಅನ್ನುತ್ತಿದ್ದ.
ನನ್ನವಳ ಎಡಗೈ ನಾಯಿ ಕಚ್ಚಿಕೊಂಡು ಹೋಯಿತು.

ಕಣ್ಣು ಮಾತ್ರ ಕೊನೆಗೆ.
ಅಳಿಲಿನ ಬಾಲದ ನಾಲ್ಕೇ ಕೂದಲು, ಹರಳೆಣ್ಣೆಯ ಕಾಡಿಗೆ,
ಅದೂ ಹುಡುಗಿಯ ಹೆಸರು ಕೇಳಿಕೊಂಡ ಮೇಲೆ.
ಹೆಸರಿಲ್ಲದೆ ಕಣ್ಣು ಬಿಟ್ಟರೆ ಯಾರನ್ನಂತ ನೋಡ್ಯಾಳು?

ಕೋಟೆ ಬಾಗಿಲ ಅಂಗಡಿಯ ಬಕ್ಕೇಶಪ್ಪ ಬಂದ.
"ನಲವತ್ತು ಪೀಸು. ಎಲ್ಲ ಒಂದೇ ಥರ. ಬ್ಯಾಗಲ್ಲಿ ಹಿಡೀಬೇಕು."
ಹುಣಸೆಬೀಜದ ಅಂಟಿನ ಬಟ್ಟಲ ಕೆಳಗೆ ಅಡ್ವಾನ್ಸು.
ಅಪ್ಪ ಬೇಡವೆನ್ನಲಿಲ್ಲ;
ಕರೆಂಟು ಬಿಲ್ಲು ಓದುವವನೂ ಅವನೇ.
ನಾನು ಸುದ್ದೆ ಬಳಿದೆ, ಕೆಮ್ಮಣ್ಣು, ಸೆರಗಿಗೆ ಹಳದಿ.
ಗೋಡೆಯುದ್ದಕ್ಕೂ ನಲವತ್ತು ಬೋಳು ಮುಖ.
ಅಪ್ಪ ಕುಂಚ ತೊಳೆದಿಟ್ಟ.
"ಇಷ್ಟೇ. ಕಳಿಸು."

ಫೋನಿನಲ್ಲಿ ರೇಗಿದ ಬಕ್ಕೇಶಪ್ಪ.
ಸಂಜೆಗೆ ಬಾಲ್‌ಪೆನ್ನಿಂದ ತಾನೇ ಚುಕ್ಕಿ ಇಟ್ಟನಂತೆ,
ಒಬ್ಬಳ ಎರಡು ಕಣ್ಣೂ ಒಂದೇ ಕಡೆ ನೋಡುತ್ತಿರಲಿಲ್ಲ.
ಎಲ್ಲ ಮಾರಿ ಹೋದವು.

ಭಾನುವಾರ ತುರುವನೂರಿನ ಬಸ್ಸಿಳಿದು
ಒಂದನ್ನು ಸೆರಗಲ್ಲಿ ಸುತ್ತಿ ತಂದಳು ಒಬ್ಬ ತಾಯಿ,
ಬೆರಳಿಗೆ ಜೋತುಬಿದ್ದ ಮಗಳು.
"ಇದು ನನ್ನ ನೋಡಲ್ಲ."

ಗಾಜಿನ ಚೂರಲ್ಲಿ ಶಾಯಿ ಹೆರೆದ ಅಪ್ಪ.
"ಹೆಸರೇನವ್ವ?"
"ಶಾಲೇಲಿ ಜಾನವಿ. ಮನೇಲಿ ಓಬಿ."
"ಮನೇದೇ ಸಾಕು" ಅಂದ,
ಕಾಡಿಗೆಗೆ ಅದ್ದಿದ ಕುಂಚ ಎತ್ತಿದ,
ಅದರ ತುದಿ ನಡುಗುವುದನ್ನು ನಾವು ಮೂವರೂ ನೋಡಿದೆವು.
ನನ್ನತ್ತ ಚಾಚಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಎಡಗಣ್ಣು ಮುಗಿಯುವಷ್ಟರಲ್ಲಿ
ಓಬಿ ಬೆಕ್ಕಿನ ಹಿಂದೆ ಬಾಗಿಲಾಚೆ ಓಡಿದ್ದಳು.
ಬಲಗಣ್ಣನ್ನು ಬಾಗಿಲ ಕಡೆಗೇ ಬರೆದೆ.

ಅಪ್ಪ ಗೊಂಬೆಯನ್ನು ಮುಖದ ಹತ್ತಿರ ತಂದು
ತುಂಬ ಹೊತ್ತು ಹಿಡಿದುಕೊಂಡ.
ಏನೂ ಅನ್ನಲಿಲ್ಲ.
ಒಲೆಯ ಕಡೆಗೂ ನೋಡಲಿಲ್ಲ.