ಲೆಕ್ಕ ಸರಿಯಿತ್ತು

ಬಾ ಪಾಲಯ್ಯ, ಕೂರು. ಒರಳಿನ ಮೇಲೆ ಬೇಡ,
ಈ ಚೀಲ ಹಾಸ್ಕೋ.
ಮೂರು ಆಡು ಕಟ್ಟಿ ಇನ್ನೂ ಮೂರು ತಿಂಗಳಿಲ್ಲ,
ಮೂವತ್ತು ಬೇಕಂತೆ ನಿನಗೆ.
ನಿನ್ನ ಹೆಂಡತಿ ನಲ್ಲಿ ಹತ್ರ ಹೇಳಿ ನಕ್ಕಳು.

ನಿವೃತ್ತಿ ದುಡ್ಡು ಬಂದೈತೆ, ಸರಿ.
ರೊಪ್ಪಕ್ಕೆ ಹೊಸ ತಗಡು ಹೊದಿಸಿದ್ದೀಯ, ಅದೂ ಸರಿ.
ಹಾಳೆ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ
ಐದನೇ ವರ್ಷಕ್ಕೆ ನೂರಿಪ್ಪತ್ತು ಮಾಡಿದ್ದೀಯ.
ಹಾಳೆ ಮೇಲಿನ ಆಡು ಸೊಪ್ಪು ಕೇಳಲ್ಲ ಕಣಯ್ಯ,
ಹಾಳೆ ಮೇಲಿನ ಮರಿಗೆ ಬೇಧಿ ಹತ್ತಲ್ಲ.

ಮೂವತ್ತು ವರ್ಷ ಚಳ್ಳಕೆರೆ ಮೊಳಕಾಲ್ಮುರು ಬಸ್ಸಲ್ಲಿ
ಸೀಟಿ ಊದಿದವನು ನೀನು.
ನಲವತ್ತೆಂಟು ಸೀಟಿಗೆ ತೊಂಬತ್ತು ಜನ ತುಂಬಿ
'ಒಳಗ್ಹೋಗ್ರಿ, ಒಳಗ್ಹೋಗ್ರಿ, ಹಿಂದೆ ಖಾಲಿ ಐತೆ' ಅಂದವನು.
ಹಿಂದೆ ಯಾವತ್ತೂ ಖಾಲಿ ಇರಲಿಲ್ಲ.
ನಾನೂ ನಿಂತಿದ್ದೆ, ತಲೆ ಮೇಲೆ ಬುಟ್ಟಿ, ಪಕ್ಕೆಗೆ ಯಾರದೋ ಮೊಣಕೈ.
ಬಸ್ಸಿನ ಜನ ಊರು ಬಂದರೆ ಇಳೀತಾರೆ.
ಆಡು ಎಲ್ಲಿ ಇಳಿಯುತ್ತೆ?
ರಾತ್ರಿಯೆಲ್ಲ ಪಕ್ಕದ್ದರ ಉಸಿರು ಕುಡೀತಾ ನಿಂತಿರುತ್ತೆ.

ನಂದೂ ಕೇಳು.
ಆಗ ಒಂಬತ್ತಿದ್ದವು. ಹೆಸರೂ ಒಂಬತ್ತು.
ಗಿಡ್ಡಿ ಗಬ್ಬಾದರೆ ಮೇವು ಬಿಟ್ಟು ನನ್ನ ಸೆರಗು ಅಗಿಯೋಳು,
ಸೀರೆ ನೋಡಿಯೇ ಊರಿಗೆಲ್ಲ ಗೊತ್ತಾಗೋದು.
ಒಂದು ವರ್ಷ ಶೇಂಗಾ ಚೆನ್ನಾಗಿ ಕಾಯಿ ಕಟ್ಟಿತು,
ಕೈಯಲ್ಲಿ ಕಾಸು ಕುಣೀತು.
ಸಂತೆಯಿಂದ ಒಂದೇ ಟೆಂಪೊದಲ್ಲಿ ಮೂವತ್ತೆರಡು ತಂದೆ.
ಒಂದು ಕೆಮ್ಮುತ್ತಿತ್ತು.
'ಧೂಳು ಕಣಕ್ಕ' ಅಂದ ದಲ್ಲಾಳಿ ಮೈಲಾರಿ.
ಧೂಳೇ ಇರಬೇಕು ಅಂದ್ಕೊಂಡೆ, ನನಗೂ ಧೂಳೇ ಬೇಕಿತ್ತು.
ಹನ್ನೊಂದನೇ ದಿನ ಗಿಡ್ಡಿ ಮೂಗು ಸುರೀತು.
ಹೊಸದನ್ನ ಮೂರು ವಾರ ಬೇರೆ ಕಟ್ಟು ಅಂತ
ಡಾಕ್ಟರು ಹೇಳಿದ್ದು ನೆನಪಾಗಿದ್ದು
ಏಳನೇ ಗುಂಡಿ ತೋಡುವಾಗ.

ಇದಲ್ಲ ನಾನು ಹೇಳಬೇಕೆಂದದ್ದು.
ಸಾವು ಯಾರ ರೊಪ್ಪಕ್ಕೆ ಬರಲ್ಲ?

ಉಳಿದದ್ದು ಮೂವತ್ತನಾಲ್ಕು.
ಸಂಜೆ ತಡಿಕೆ ಹತ್ರ ನಿಂತು ಎಣಿಸ್ತಿದ್ದೆ,
ಮೂವತ್ತನಾಲ್ಕು. ತಡಿಕೆ ಕಟ್ಟಿ ಮಲಗ್ತಿದ್ದೆ.
ಒಂದು ಬೆಳಗ್ಗೆ ಹಟ್ಟಿ ಚಿತ್ತಯ್ಯನ ಮಗಳು ಬಂದಳು,
ಇಷ್ಟೆತ್ತರದ ಹುಡುಗಿ, ಮೂಗಲ್ಲಿ ಬೇವಿನ ಕಡ್ಡಿ.
'ನಮ್ಮ ಆಡು ನಾಲ್ಕು ದಿನದಿಂದ ಇಲ್ಲೈತೆ.'
ಇಲ್ಲ ತಾಯಿ, ನನ್ನ ಲೆಕ್ಕ ಸರಿ ಐತೆ ಅಂದೆ.
ಅವಳು ತಡಿಕೆ ಹಿಡಿದು 'ಮಲ್ಲೀ' ಅಂದಳು,
ಮೆಲ್ಲಗೆ, ಒಂದೇ ಸಲ.
ನನ್ನ ಮೂವತ್ತನಾಲ್ಕರೊಳಗಿಂದ ಒಂದು ಎದ್ದು ಹೋಯಿತು.

ಲೆಕ್ಕ ಸರಿಯಿತ್ತು ಪಾಲಯ್ಯ.
ಅವಳದೊಂದು ನನ್ನಲ್ಲಿ. ನನ್ನದೊಂದು
ನಾಲ್ಕು ರಾತ್ರಿ ಗುಡ್ಡದಲ್ಲಿ.
ಹುಡುಕೋಕೆ ಹೋದೆ. ಏನಂತ ಕೂಗಲಿ?
ಹೆಸರಿಟ್ಟಿರಲಿಲ್ಲ.
ಬಣ್ಣ ಕೂಡ ಕಂದೋ ಕಪ್ಪೋ, ಆಣೆ ಮಾಡಲಾರೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆಡು ಸಾಕದವರು.
ನೆನ್ನೆ ಕಡಿದ ಕಮರ ಸೊಪ್ಪು ಇಟ್ಟು ನೋಡು,
ಬೀಗರ ಮನೆ ಊಟದ ಹಾಗೆ ಮೂಸಿ ಮುಖ ತಿರುಗಿಸುತ್ತೆ.
ಮೂವತ್ತು ಮುಖ ತಿರುಗಿದರೆ ಎಲ್ಲಿ ಹೋಗ್ತೀಯ ಹೊಸ ಸೊಪ್ಪಿಗೆ?
ಹೋತನ್ನ ಎರಡು ವರ್ಷಕ್ಕೆ ಬದಲಿಸು.
ತನ್ನ ಮಗಳನ್ನೇ ಏರುತ್ತೆ ಅದು, ಅದಕ್ಕೆ ನಾಚಿಕೆ ಇಲ್ಲ,
ನಿನಗಾದರೂ ಇರಲಿ.
ಕೊಂಡು ತುಂಬಿಸಬೇಡ. ಈದು ತುಂಬಲಿ.
ನಿಧಾನಕ್ಕೆ ಬಂದದ್ದು ನಿನ್ನ ದನಿ ಕಲಿತೇ ಬರುತ್ತೆ.

ಎಷ್ಟು ಇಟ್ಕೋಬೇಕು ಅಂತ ಕೇಳಬೇಡ, ನನಗೆ ಗೊತ್ತಿಲ್ಲ.
ಕತ್ತಲಲ್ಲಿ ಒಂದು ಕೆಮ್ಮಿದರೆ
ಹಾಸಿಗೆಯಲ್ಲೇ ಅದರ ಹೆಸರು ಬಾಯಿಗೆ ಬರಬೇಕು.
ಅಷ್ಟು.

ನಗ್ತೀಯ? ಸರಿ, ನಿನ್ನ ಮೂರೂ ಬೇಲಿ ಆಚೆ ಮೇಯ್ತಾ ಅವೆ.
ಕಣ್ಣು ಮುಚ್ಚು. ಪೂರ್ತಿ ಮುಚ್ಚು, ಕಂಡಕ್ಟರ್ ಬುದ್ಧಿ ಬೇಡ.
ಹಾಂ, ಈಗ ಕೂಗಿತಲ್ಲ, ಯಾವುದದು?
ಬೂದಿಯಾ? ಖಂಡಿತ ಬೂದಿಯಾ?

ಅದು ನಂದು ಕಣಯ್ಯ.
ಹಿತ್ತಲಿಂದ ಕೂಗಿದ್ದು.
ಟೀ ಆರ್ತೈತೆ, ಕುಡಿ.