ಮೂರನೇ ಸುತ್ತಿನ ದಳ

ನನ್ನ ಕೆಲಸ ಛಾವಣಿಯಲ್ಲಿ.
ಮೂವತ್ತೆಂಟು ಅಡಿ ಮೇಲೆ, ಹಲಗೆಯೊಂದರ ಮೇಲೆ ಬೋರಲು ಮಲಗಿ
ಇಂಗಾಲದ ಕಡ್ಡಿ ಉರಿಯುವ ದೀಪವನ್ನು
ಕೆಳಗಿನ ಹೂವಿನ ನಡುವಿಗೆ ಹಿಡಿಯುವುದು.
ಹೂವು ಎಂದರೆ ಅರವತ್ತು ಹುಡುಗಿಯರು.

ಕಲ್ವರ್ ಸಿಟಿ, ಆರನೇ ಸ್ಟೇಜು, ಮೂವತ್ಮೂರರ ಮಾರ್ಚ್.
ಹೊರಗೆ ಬ್ಯಾಂಕುಗಳೆಲ್ಲ ಕದ ಹಾಕಿಕೊಂಡಿದ್ದವು.
ಒಳಗೆ ನಾಯಕಿ ಹಾಡುತ್ತಿದ್ದಳು:
ಜೇಬು ತುಂಬಿತು, ಕಣ್ಣೇ, ಜೇಬು ತುಂಬಿತು.
ಮೊನ್ನೆಯೇ ಹಾಡಿ ತಟ್ಟೆಗೆ ಇಳಿಸಿದ್ದು.
ಇವತ್ತು ಬರೀ ತುಟಿ.

ಕತೆ ಏನೆಂದು ನಮಗ್ಯಾರೂ ಹೇಳಿರಲಿಲ್ಲ.
ದಿವಾಳಿಯೆದ್ದ ನಾಟಕ ಕಂಪನಿಯಂತೆ,
ಕೊನೇ ಆಟಕ್ಕೆ ಸಾಲ ಕೊಡುವ ಮುದುಕನಂತೆ,
ಪರದೆ ಏಳುವ ಹೊತ್ತಿಗೆ ಎಲ್ಲ ಸರಿಹೋಗುತ್ತದಂತೆ.
ಅಂತೆಕಂತೆ. ನಾನು ಕಂಡದ್ದು ಇಷ್ಟು:
ಕನ್ನಡಿಯಾಗಬೇಕಾದ ಕರಿ ನೆಲ,
ಪ್ರತಿ ಟೇಕಿಗೂ ಮಂಡಿಯೂರಿ ಅದನ್ನು ಒರೆಸುವ ನಾಲ್ವರು,
ಬೂಟಿನ ಮೇಲೆ ಉಣ್ಣೆಯ ಚೀಲ ಕಟ್ಟಿಕೊಂಡು
ಬೆಕ್ಕುಗಳ ಹಾಗೆ ತಮ್ಮ ತಮ್ಮ ಗುರುತಿಗೆ ನಡೆಯುವ ಹುಡುಗಿಯರು.
ಚಿತ್ರದಲ್ಲಿ ಕೇಳುವ ಆ ಟಕಟಕ ಸದ್ದು?
ಅದನ್ನು ಆಮೇಲೆ ಇಬ್ಬರು ಗಂಡಸರು, ಬನಿಯನ್ನಿನಲ್ಲಿ,
ಹಳೇ ಬಾಗಿಲೊಂದರ ಮೇಲೆ ಕುಣಿದು ತುಂಬಿದರು.

ಮೂರನೇ ಸುತ್ತಿನಲ್ಲಿ, ಗಡಿಯಾರದ ನಾಲ್ಕರ ಕಡೆಗೆ, ಬ್ಲಾಂಕಾ ಹ್ರೂಬೆಶ್.
ಹೆಸರು ಆಮೇಲೆ ಗೊತ್ತಾದದ್ದು. ಆಗ ಅವಳು ನನಗೆ
ಬಿಳಿ ಟೋಪನ್ನಿನ ಅಡಿಯಿಂದ ನುಸುಳಿದ
ಒಂದೆಳೆ ಕಪ್ಪು ಕೂದಲು.
ಮೇಲಿನಿಂದ ನೋಡುವವನಿಗೆ ಎಲ್ಲರೂ ನೆತ್ತಿಗಳೇ.

ಒಂದರಿಂದ ಎಂಟರ ಎಣಿಕೆ.
ನಾಲ್ಕಕ್ಕೆ ಒಳಸುತ್ತು ಬಾಗಬೇಕು,
ಐದಕ್ಕೆ ಮೂರನೇ ಸುತ್ತು ಬೀಸಣಿಗೆ ಬಿಚ್ಚಬೇಕು,
ಎಂಟಕ್ಕೆ ನಾಯಕಿ, ಕೇಸರದ ಹಾಗೆ, ಲಿಫ್ಟಿನಲ್ಲಿ ಏಳಬೇಕು.
ಹತ್ತೊಂಬತ್ತು ಸಲ ಎದ್ದಳು, ಪಾಪ.
ಹತ್ತೊಂಬತ್ತು ಸಲವೂ ಆಶ್ಚರ್ಯಪಟ್ಟಳು.

ಇಪ್ಪತ್ತನೆಯದರಲ್ಲಿ
ಎಲ್ಲ ದಳ ಬಿಚ್ಚಿದವು, ಒಂದು ಬಿಚ್ಚಲಿಲ್ಲ.
ಅರ್ಧ ಏಟು ತಡ. ಆಮೇಲೆ, ತಟ್ಟನೆ,
ನಿದ್ದೆಯಿಂದೆದ್ದವರು ಕೊಡೆ ಬಿಚ್ಚಿದ ಹಾಗೆ.
ಹಾಡು ಮುಗಿದ ಮೇಲೆ ನಿರ್ದೇಶಕ ತುತ್ತೂರಿಯಲ್ಲಿ ಕೂಗಿದ:
'ಹೂವಲ್ಲಿ ಹುಳ ಇದೆ!'
ಅರವತ್ತು ನೆತ್ತಿಗಳೂ ತಗ್ಗಿದವು.
ಯಾರೂ ಯಾರನ್ನೂ ತೋರಿಸಲಿಲ್ಲ.
ನಾನೂ.

ರಾತ್ರಿ ಕ್ಯಾಂಟೀನಿನಲ್ಲಿ ಅವಳು
ದೀಪಕ್ಕೆ ಬೆಂದ ಕಣ್ಣುಗಳ ಮೇಲೆ
ಹಸಿ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಗೋಡೆಗೊರಗಿದ್ದಳು.
ನನ್ನ ದೀಪ ಅದು. ಕ್ಷಮೆ ಕೇಳುವ ಬದಲು
ಎಣಿಕೆ ಎಲ್ಲಿ ತಪ್ಪಿತು ಎಂದೆ.
ತಪ್ಪಲಿಲ್ಲ, ಅಂದಳು, ಬಿಲ್ಲೆ ತೆಗೆಯದೆ,
ಬೇರೇನನ್ನೋ ಎಣಿಸುತ್ತಿದ್ದೆ:
ದಿನಕ್ಕೆ ಏಳೂವರೆ ಡಾಲರು, ಕಾಲುಚೀಲ ನಮ್ಮದೇ,
ಕೋಣೆಗೆ ನಾಲ್ಕು, ಸಿಸೆರೊದಲ್ಲಿ ತಮ್ಮನ ಹಲ್ಲಿಗೆ ಎರಡು,
ಐದು ಅನ್ನುವ ಹೊತ್ತಿಗೆ
ಬೂಟಿನ ತಳಕ್ಕೆ ಬಂದಿದ್ದೆ. ಅಲ್ಲೇ ಸಿಕ್ಕಿಕೊಂಡೆ.
ಆ ಹಾಡು ಬೇರೆ. ಜೇಬು ತುಂಬಿತು, ಕಣ್ಣೇ.
ಈ ಉಡುಪಿಗೆ ಜೇಬೇ ಇಲ್ಲ.
ನಕ್ಕಳು. ಬಿಲ್ಲೆಯೊಂದು ಜಾರಿ ಸೂಪಿಗೆ ಬಿತ್ತು.

ಇನ್ನೂ ಆರು ಟೇಕು ಆದವು. ಆಯ್ದದ್ದು ಮಾತ್ರ ಇಪ್ಪತ್ತನೆಯದನ್ನು.
ಅದರಲ್ಲಿ ನಾಯಕಿ ಸುಸ್ತಾಗಿ
ಒಂದು ಕ್ಷಣ ನಗುವುದನ್ನು ಮರೆತಿದ್ದಳಂತೆ,
ಅದು ಪ್ರೇಮದ ಹಾಗೆ ಕಂಡಿತಂತೆ.

ಬೇಕರ್ಸ್‌ಫೀಲ್ಡಿನಲ್ಲಿ ಹದಿನೈದು ಸೆಂಟು ಕೊಟ್ಟು ನೋಡಿದೆ.
ಪಕ್ಕದಲ್ಲಿ ಹತ್ತಿ ಬಿಡಿಸುವವರ ಸಂಸಾರ, ಮಡಿಲಲ್ಲಿ ಕೂಸು.
ಹೂವು ಬಂದಾಗ ಸಭೆಯೆಲ್ಲ ಹಾ ಎಂದಿತು.
ನಾನು ನಾಲ್ಕು ಗಂಟೆಯ ದಿಕ್ಕಿಗೆ ಕಣ್ಣು ನೆಟ್ಟು ಕಾದೆ.
ಮೂರು. ನಾಲ್ಕು. ಐದು.
ಒಂದು ದಳದಷ್ಟು ಕತ್ತಲೆ.
ಕೂಸು ಆ ಕಡೆಗೇ ಬೆರಳು ಮಾಡಿತು.
ಪರದೆಯ ಮೇಲೊಂದು ನೊಣ ಇತ್ತು, ಅದಕ್ಕೂ ಇರಬಹುದು.

ಬೂಟಿನ ತಳ, ಎಂದು ಎಣಿಸಿದೆ ನಾನು,
ಬಾಯೊಳಗೇ.