ಹನ್ನೊಂದನೇ ನಂಬರ್

ಮೊದಲು ಕನ್ನಡಕದ ಅಂಗಡಿಗೆ ಹೋದೆ.
ಇರುವೆ ಸಾಲಿನಂಥ ಕೊನೆಯ ಸಾಲನ್ನೂ
ತಡವರಿಸದೆ ಓದಿದೆ.
"ಹದ್ದಿನ ಕಣ್ಣು ನಿಮ್ಮದು" ಅಂದಳು ಹುಡುಗಿ.
ಹಲಗೆ ತೋರಿಸಲು ಅವಳೆತ್ತಿದ ಬೆರಳ ಹಿಂದೆ
ಇನ್ನೂ ಆರೇಳು ಬೆರಳು
ಬೀಸಣಿಗೆಯಂತೆ ಬಿಚ್ಚಿಕೊಂಡದ್ದನ್ನು
ನಾನು ಹೇಳಲಿಲ್ಲ.

ಏನಂತ ಹೇಳುವುದು?
ರೀಗಾ ಪಟ್ಟಣದಲ್ಲಿ ಟ್ರಾಮ್ ಓಡಿಸುವವನು ನಾನು,
ತಾಲಿವಾಲ್ಡಿಸ್, ಹದಿನಾಲ್ಕು ವರ್ಷದ ಸರ್ವೀಸು,
ಒಂದು ನಾಯಿಗೂ ತಾಗಿಸಿದವನಲ್ಲ.

ಜೂನ್ ತಿಂಗಳ ಆ ಗಿಡ್ಡ ರಾತ್ರಿ,
ಊರಿಗೂರೇ ಬೆಂಕಿ ಹಾಕಿ ಮಲಗದೆ ಕೂರುವ ರಾತ್ರಿ,
ತಲೆಗೆ ಓಕ್ ಎಲೆಯ ದಂಡೆ, ಕೈಯಲ್ಲಿ ಬಿಯರು,
ತಂಗಿಯ ಗಂಡನ ಗೆಳೆಯನೊಬ್ಬ
ಕಿರುಬೆರಳ ಉಗುರಿನಷ್ಟು ಕಾಗದದ ಚೂರು ಕೊಟ್ಟ.
ನಾಲಿಗೆ ಮೇಲಿಟ್ಟುಕೊಂಡೆ.
ಬೆಂಕಿ ಮಾತಾಡಿತು. ಹೊಳೆ ಬೆನ್ನು ತಿರುಗಿಸಿ ತೋರಿಸಿತು.
ಚೆನ್ನಾಗಿತ್ತು; ಸುಳ್ಳು ಹೇಳಲಾರೆ.
ಬೆಳಗಾದ ಮೇಲೆ ಎಲ್ಲರೂ ಎದ್ದು ಬೂದಿ ಗುಡಿಸಿದರು.
ನನ್ನ ಬೆಂಕಿ ಮಾತ್ರ ಆರಲಿಲ್ಲ.

ಜುಲೈ. ಆಗಸ್ಟ್.
ಬಿಳಿ ಗೋಡೆ ಉಸಿರಾಡುತ್ತದೆ.
ಕೆಂಪು ಸೋಪಿನ ಪೆಟ್ಟಿಗೆ ನೋಡಿ ಕಣ್ಣು ತಿರುಗಿಸಿದರೆ
ಹಸಿರು ಪೆಟ್ಟಿಗೆಯೊಂದು ಚಾವಣಿಗೆ ಅಂಟಿಕೊಳ್ಳುತ್ತದೆ.
ಮುಂದಿನ ಕಾರುಗಳ ದೀಪಕ್ಕೆ ಬಾಲ ಬೆಳೆದಿದೆ.
ಮತ್ತೆ ಹಿಮ, ಹಳೆಯ ಟಿವಿಯ ಹಿಮ,
ಕೋಣೆಯೊಳಗೆ, ಸೂಪಿನ ಮೇಲೆ,
ಮುಚ್ಚಿದ ರೆಪ್ಪೆಯ ಒಳಗೂ
ಸದ್ದಿಲ್ಲದೆ ಬೀಳುತ್ತಲೇ ಇರುತ್ತದೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ.
ಹಿಮವೂ ಅಲ್ಲ.

ಎರಡನೆಯ ಡಾಕ್ಟರಿಗೆ ಅರೆತಲೆನೋವು ಅಂದೆ.
ಅರೆತಲೆನೋವಿನ ಮಾತ್ರೆ ಕೊಟ್ಟ. ನ್ಯಾಯವೇ.
ಮೂರನೆಯವನಿಗೆ ಅರ್ಧ ಹೇಳಿದೆ.
ಪೆನ್ನು ಕೆಳಗಿಟ್ಟು, ನನ್ನ ಅಂಗಿ ತೋಳು ಸರಿಸಿ
ಸೂಜಿಯ ಗುರುತು ಹುಡುಕಿದ.
ಉಳಿದರ್ಧ ಗಂಟಲಿಗೆ ವಾಪಸು ಹೋಯಿತು.
ಸ್ಕ್ಯಾನಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಮಲಗಿದ್ದೆ.
ತಲೆಯಲ್ಲಿ ಏನೂ ಇಲ್ಲ ಎಂದು ಬರೆದು ಕೊಟ್ಟರು.
ಹೆಂಡತಿ ಲಾಸ್ಮಾ ಅದನ್ನೋದಿ
ನಗಲು ನೋಡಿದಳು, ಆಗಲಿಲ್ಲ.

ನವೆಂಬರಿನಲ್ಲಿ, ಪೇಟೆ ಹತ್ತಿರದ ತಿರುವಿನಲ್ಲಿ
ಒಬ್ಬ ಮುದುಕ ಹಳಿ ದಾಟಿದ.
ಅವನ ಹಿಂದೆ ಇನ್ನೂ ನಾಲ್ವರು, ಅದೇ ಕೋಟು, ಅದೇ ಕುಂಟು.
ಯಾರಿಗಾಗಿ ಬ್ರೇಕು ಹಾಕಲಿ?
ಐವರಿಗೂ ಹಾಕಿದೆ.
ಹಿಂದೆ ಯಾರದೋ ಮೊಟ್ಟೆ ಒಡೆದು ಬೈಗುಳ ಬಂತು.
ಅದೇ ಸಂಜೆ ನರರೋಗದ ವಿಭಾಗದಲ್ಲಿ ಚೀಟಿ ಬರೆಸಿದೆ.

ಡಾಕ್ಟರ್ ವೆಲ್ಗಾ ಮೊದಲು ಏನೂ ಕೇಳಲಿಲ್ಲ.
ಪೆನ್ಸಿಲ್ ಕೊಟ್ಟು, "ಕಾಣುವುದನ್ನು ಬಿಡಿಸಿ" ಅಂದರು.
ಚುಕ್ಕೆ ಇಟ್ಟೆ. ಹಾಳೆ ತುಂಬ ಚುಕ್ಕೆ.
ಕೊನೆಗೆ ಮೂಲೆಯಲ್ಲಿ ಒಂದು ಪುಟ್ಟ ಚೌಕ,
ಕಿರುಬೆರಳ ಉಗುರಿನಷ್ಟು.
ಐದಾರು ತಿಂಗಳ ಬಿಸಿತುಪ್ಪ
ನುಂಗಲಾರದ್ದು, ಮೇಜಿನ ಮೇಲೆ ಉಗುಳಿದೆ.
ಅವರು ಹೌಹಾರಲಿಲ್ಲ.
"ಇದಕ್ಕೆ ಹೆಸರಿದೆ" ಅಂದರು.

ಗೂಡ್ಸ್ ಗಾಡಿಯಂಥ ಉದ್ದನೆ ಹೆಸರು.
ಡಬ್ಬಿಗಳನ್ನು ನಾನು ಎಣಿಸಲಿಲ್ಲ.
ಹೆಸರಿದೆ ಅಂದಮೇಲೆ
ನನಗಿಂತ ಮುಂಚೆ ಇದು ಯಾರಿಗೋ ಬಂದಿದೆ,
ಯಾರೋ ಈ ಕುರ್ಚಿಯಲ್ಲಿ ಕೂತು ಬೆವತಿದ್ದಾರೆ.

"ಹುಚ್ಚಾ?"
"ಗೋಡೆ ಉಸಿರಾಡುವುದಿಲ್ಲ ಅಂತ ನಿಮಗೇ ಗೊತ್ತಲ್ಲ."
"ಹೋಗುತ್ತದಾ?"
"ಕೆಲವರಿಗೆ ಹೋಗುತ್ತದೆ. ಕೆಲವರಿಗೆ ಮಂಕಾಗುತ್ತದೆ.
ಖಂಡಿತ ಅನ್ನುವ ಮದ್ದು ನನ್ನಲ್ಲಿಲ್ಲ.
ನಿದ್ದೆಗೆಡಬೇಡಿ. ಗಾಂಜಾ ಕೂಡ ಮುಟ್ಟಬೇಡಿ. ತಿಂಗಳಿಗೊಮ್ಮೆ ಬನ್ನಿ."
ಪೆನ್ನಿನ ಮೂತಿ ಕಾಗದದ ಮೇಲೆ ನಿಂತಿತು.
"ಉದ್ಯೋಗ?"
ಕಿಟಕಿಯ ಕೆಳಗೆ ಹನ್ನೊಂದನೇ ನಂಬರಿನ ಗಂಟೆ.
ಅದು ದಾಟಿಹೋಗುವ ತನಕ ಕಾದೆ.
"ಟ್ರಾಮ್" ಅಂದೆ. "ಓಡಿಸುತ್ತಿದ್ದೆ."

ಈಗ ಡಿಪೋದಲ್ಲಿ ಮರೆತುಹೋದ ಕೊಡೆ, ಕೈಗವಸುಗಳ
ಲೆಕ್ಕ ಬರೆಯುತ್ತೇನೆ.
ಸಂಜೆ ಟಿಕೆಟ್ ಕೊಂಡು ಮನೆಗೆ ಬರುತ್ತೇನೆ.
ಇವತ್ತು ಪಕ್ಕದಲ್ಲೊಬ್ಬ ಅಜ್ಜಿ, ಚೀಲದ ತುಂಬ ಹೊಗೆಮೀನು.
"ಹೊರಗೆ ಹಿಮ ಬೀಳ್ತಿದೆಯೇ?" ಕೇಳಿದೆ.
"ಕಣ್ಣೇನು ಕಾಣಲ್ವೇ? ಬೆಳಗಿನಿಂದ ಸುರೀತಿದೆ."
ಅವಳ ಟೋಪಿಯ ಮೇಲೂ ಇತ್ತು,
ಕರಗಿ ಕಿವಿಯ ಹತ್ತಿರ ಹನಿಯುತ್ತಿತ್ತು.
ನನ್ನದು ಹನಿಯುವುದಿಲ್ಲ.
ಹನಿಯುವುದು ಎಲ್ಲರದು.
ಆ ಹನಿಯನ್ನೇ ನೋಡುತ್ತ
ನನ್ನ ಸ್ಟಾಪು ದಾಟಿ ಹೋದೆ.